ತೂಬಿಲ್ಲದ ಕೆರೆ

“ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಉಂಟೇ?” ಎಂದು ಶಿಷ್ಯ ಕೇಳಿದ.

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಉಂಟು ಅಂದರೆ ಎದ್ದು ಹೋಗುತ್ತೀಯಾ?” ಎಂದರು.

ಶಿಷ್ಯ ತಲೆ ತಗ್ಗಿಸಿದ. ಎದ್ದು ಹೋಗುವ ಮನಸ್ಸು ಅವನಿಗೆ ಇದ್ದದ್ದು ನಿಜ.

“ನೀನು ಪ್ರಶ್ನೆ ಕೇಳುವಾಗಲೇ ಬೇಕಾದ ಉತ್ತರವನ್ನು ಮಡಿಲಲ್ಲಿ ಕಟ್ಟಿಕೊಂಡು ಬರುತ್ತೀಯೆ. ‘ತಿಳಿಯದೆ’ ಅನ್ನುವ ಮಾತನ್ನು ಎಷ್ಟು ಸಲೀಸಾಗಿ ಅಂದುಬಿಟ್ಟೆ! ಕುಳಿತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆಯ ನಡುವೆ ಅವನನ್ನು ಕೆಟ್ಟವನೆಂದು ಬಗೆದು ನೀನು ಹಗುರಾಗಬಾರದು.”

ಶಿಷ್ಯ ಕುಳಿತುಕೊಂಡ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಮೆಣಸು, ಲವಂಗದ ವ್ಯಾಪಾರ. ನ್ಯಾಯವಾಗಿ ಗಳಿಸಿದ, ಚೆನ್ನಾಗಿ ಗಳಿಸಿದ. ಗಳಿಸಿ ಗಳಿಸಿ ದಣಿದ. ದಣಿದವರಿಗೆಲ್ಲ ಬರುವ ಆಸೆ ಅವನಿಗೂ ಬಂತು. ನೀರಿನ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು ಅನ್ನಿಸಿತು. ಪೇಟೆಯಿಂದ ಅರ್ಧ ದಿನದ ದಾರಿಯಲ್ಲಿ, ಗುಡ್ಡಗಳ ನಡುವೆ ಒಂದು ಹಳ್ಳವಿತ್ತು. ಅದರ ಎರಡೂ ದಡದ ನೆಲವನ್ನು ಕೊಂಡ. ಅಲ್ಲೊಂದು ಮನೆ ಕಟ್ಟಿಸಿದ. ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕಿಸಿ ಕೆರೆ ಮಾಡಿಸಬೇಕೆಂದು ಮಣ್ಣಿನ ಕೆಲಸದವರನ್ನು ಕರೆಸಿದ.

ಅವರು ಬಂದು ನೆಲ ನೋಡಿದರು, ತಳ ಗಟ್ಟಿಯಿದೆ ಎಂದರು. ತೂಬು ಎಲ್ಲಿಡೋಣ ಎಂದು ಕೇಳಿದರು. ತೂಬು ಅಂದರೆ ಏರಿಯ ಬುಡದಲ್ಲಿ ಇಡುವ ಕಿಂಡಿ. ಅದನ್ನು ತೆರೆದರೆ ಕೆರೆಯ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ವರ್ತಕ ನಕ್ಕ. “ನನಗೆ ಗದ್ದೆಯೂ ಇಲ್ಲ, ತೋಟವೂ ಇಲ್ಲ. ನೀರು ಬಿಡುವುದಕ್ಕೆ ನಾನು ಕೆರೆ ಕಟ್ಟಿಸುತ್ತಿಲ್ಲ, ಇಟ್ಟುಕೊಳ್ಳುವುದಕ್ಕೆ ಕಟ್ಟಿಸುತ್ತಿದ್ದೇನೆ” ಎಂದ. ಕೇಳಿದವರಿಗೆ ಮಾತು ಸರಿಯಾಗಿಯೇ ಕಂಡಿತು. ಅವರು ತೂಬಿಡಲಿಲ್ಲ. ಹೆಚ್ಚಾದ ನೀರು ಹೊರಳಿ ಹೋಗಲು ಏರಿಯ ಒಂದು ತುದಿಯಲ್ಲಿ ಕಲ್ಲಿನ ಕೋಡಿ ಮಾಡಿ, ಕೂಲಿ ತೆಗೆದುಕೊಂಡು ಹೋದರು.

ಊರ ಕೆರೆಗೂ ಇಂಥ ಕೆರೆಗೂ ಇರುವ ವ್ಯತ್ಯಾಸ ನಿನಗೆ ಗೊತ್ತಿರಬೇಕು. ಊರ ಕೆರೆಯ ಕೆಳಗೆ ಗದ್ದೆಗಳಿರುತ್ತವೆ. ಗದ್ದೆಯವರು ದಿನ ಬೆಳಗಾದರೆ ಏರಿಯ ಬೆನ್ನಿನ ಪಕ್ಕದಲ್ಲೇ ನಡೆದು ಹೋಗಬೇಕು. ಹೆಗ್ಗಣ ಬಿಲ ತೋಡಿದರೆ ಯಾರಾದರೂ ಒಬ್ಬ ಕಾಣುತ್ತಾನೆ. ಕಂಡವನು ಬೈಯುತ್ತಾನೆ. ಅವನ ಬಾಯಿ ಮುಚ್ಚಿಸುವುದಕ್ಕಾದರೂ ಇನ್ನೊಬ್ಬ ಗುದ್ದಲಿ ಹಿಡಿಯುತ್ತಾನೆ. ಹೀಗೆ ಬೈಸಿಕೊಂಡು ಬೈಸಿಕೊಂಡೇ ಊರ ಕೆರೆ ತಲೆಮಾರುಗಟ್ಟಲೆ ಬಾಳುತ್ತದೆ. ವರ್ತಕನ ಕೆರೆಯನ್ನು ಬೈಯುವವರು ಯಾರೂ ಇರಲಿಲ್ಲ. ಬಂದ ನೆಂಟರೆಲ್ಲ ಮುಂದಿನಿಂದ ನೋಡಿದರು, ಹೊಗಳಿದರು, ಊಟ ಮಾಡಿ ಹೋದರು.

ವರ್ತಕನಿಗೆ ಏರಿಯ ವಿಷಯ ತಿಳಿಯದು ಎಂದುಕೊಳ್ಳಬೇಡ. ಅವನು ಹುಟ್ಟಿದ್ದು ಹಳ್ಳಿಯಲ್ಲಿ. ಅವನ ತಾತ ಪ್ರತಿ ಮಳೆಯ ಮರುದಿನ ಊರ ಕೆರೆಯ ಹಿಂದೆ ನಡೆದು ನೋಡಿ ಬರುತ್ತಿದ್ದ. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಕಣ್ಣಿಡಬೇಕು, ಕದಡಿದ ನೀರು ಬಂದರೆ ಕೆಳಗಿನವರನ್ನು ಎಬ್ಬಿಸಬೇಕು ಎಂದು ಆ ತಾತ ಹೇಳುತ್ತಿದ್ದ. ಇದೇನು ಗುಟ್ಟಿನ ವಿದ್ಯೆಯಲ್ಲ. ಹಳ್ಳಿಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ವರ್ತಕನಿಗೂ ಅದು ಗೊತ್ತಿತ್ತು. ಆದರೆ ಅದು ಗದ್ದೆಯವರ ಕೆರೆಯ ಮಾತು, ತನ್ನಂಥ ವಿಹಾರದ ಕೆರೆಗೆ ಅನ್ವಯಿಸುವುದಲ್ಲ ಎಂದು ಅವನ ಮನಸ್ಸಿನಲ್ಲಿ ಹೇಗೋ ಕುಳಿತುಬಿಟ್ಟಿತ್ತು.

ಮೊದಲ ಮಳೆಗಾಲಕ್ಕೆ ಕೆರೆ ತುಂಬಿತು. ವರ್ತಕನ ಹೆಂಡತಿ ಬಾಗಿನ ಬಿಟ್ಟಳು. ಎರಡು ದೋಣಿ ತರಿಸಿದರು. ಸಂಜೆ ಹೊತ್ತು ವರ್ತಕ ದೋಣಿಯಲ್ಲಿ ಕುಳಿತು, ಕಾಲು ಚಾಚಿ, ಗುಡ್ಡ ನೋಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ನೆಮ್ಮದಿಯಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಮನುಷ್ಯ ಸುಖಪಡಬಾರದು ಎಂದು ನಾನು ಹೇಳುವುದಿಲ್ಲ. ನಾನೂ ಚಿಕ್ಕಂದಿನಲ್ಲಿ ಬಾವಿಗೆ ಹಾರಿ ಬೈಸಿಕೊಂಡವನೇ.

ಏರಿಯ ಕೆಳಗೆ, ಹಳ್ಳದ ದಂಡೆಯ ದಿಬ್ಬದ ಮೇಲೆ, ಮಡಿವಾಳರ ಹತ್ತು ಹನ್ನೆರಡು ಗುಡಿಸಲುಗಳಿದ್ದವು. ಸುತ್ತಲ ಹಳ್ಳಿಗಳ ಬಟ್ಟೆ ಒಗೆದು ಬದುಕುವ ಜನ. ಬೇಸಗೆಯಲ್ಲಿ ಹಳ್ಳ ಬತ್ತಿದರೆ ಅವರ ಪಾಡು ಕಷ್ಟ. ಬಟ್ಟೆಯ ಗಂಟುಗಳನ್ನು ಕತ್ತೆಯ ಮೇಲೆ ಹೇರಿಕೊಂಡು ದೂರದ ಹೊಳೆಗೆ ಹೋಗಬೇಕಾಗಿತ್ತು. ಅವರಲ್ಲಿ ಒಬ್ಬ ಮಡಿವಾಳ ವರ್ತಕನ ಮನೆಯ ಬಟ್ಟೆ ಒಗೆಯುತ್ತಿದ್ದ. ಅವನಿಗೂ ಅವನ ಹೆಂಡತಿಗೂ ಒಬ್ಬಳೇ ಮಗಳು, ಹೆಸರು ಮಾಚವ್ವ. ಅವಳನ್ನು ಬೇರೆ ಊರಿಗೆ ಕೊಟ್ಟಿದ್ದರು. ಮಗಳೆಂದರೆ ಆ ಮಡಿವಾಳನಿಗೆ ಪ್ರಾಣ. ಅವಳ ಗಂಡನ ಊರಿನ ಕಡೆಯಿಂದ ಯಾರು ಬಂದರೂ ನಿಲ್ಲಿಸಿ ಅವಳ ಕ್ಷೇಮ ಕೇಳದೆ ಬಿಡುತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ಕೆರೆಯ ನೀರು ಇಳಿಯಿತು. ವರ್ತಕನ ದೋಣಿಯ ತಳ ಕೆಸರಿಗೆ ತಾಗಿ ನಿಂತಿತು. ಜೊತೆಯಲ್ಲಿದ್ದ ನೆಂಟರು ನಕ್ಕರು. ಅವನಿಗೆ ಅವಮಾನವಾಯಿತು. ಮುಂದಿನ ವರ್ಷ ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಒಂದು ಮೊಳ ಎತ್ತರಕ್ಕೆ ಕಲ್ಲು ಕಟ್ಟಿಸಿದ. ಏರಿ ಮಾತ್ರ ಇದ್ದಷ್ಟೇ ಇತ್ತು. ಹೊರೆ ಹೆಚ್ಚಿತು, ಹೊರುವವನ ಬೆನ್ನು ಅದೇ. ಕೂಲಿಯವನ ತಲೆಯ ಮೇಲೆ ಇನ್ನೊಂದು ಮೂಟೆ ಇಡುವ ಮೊದಲು ಆದೀತೇ ಎಂದು ಕೇಳುತ್ತೇವೆ. ಏರಿಯನ್ನು ಯಾರು ಕೇಳುತ್ತಾರೆ?

ಆ ಮಳೆಗಾಲದಲ್ಲಿ ನೀರು ಮೇಲಕ್ಕೆ ನಿಂತಿತು. ಸ್ವಲ್ಪ ದಿನಕ್ಕೆ ಏರಿಯ ಹಿಂಬದಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗತೊಡಗಿತು. ತಿಳಿಯಾದ, ತಣ್ಣನೆಯ ನೀರು. ಮೊದಲು ಕಂಡದ್ದು ಮಡಿವಾಳರ ಹೆಂಗಸರಿಗೆ. ಬೇಸಗೆ ಬಂದರೂ ಅದು ನಿಲ್ಲಲಿಲ್ಲ. ಹಳ್ಳ ಒಣಗಿ ಬಿರಿದಿದ್ದಾಗಲೂ ಅಲ್ಲಿ ನೀರು ಹರಿಯಿತು. ತಲೆಮಾರುಗಳಿಂದ ಕತ್ತೆಯ ಹಿಂದೆ ನಡೆದು ಕಾಲು ಸವೆಸಿದ ಜನ ಅದನ್ನು ಕಂಡು ಏನೆಂದಾರು? ಗಂಗಮ್ಮ ಒಡೆದಳು ಎಂದರು. ಏಳು ಕಲ್ಲು ನಿಲ್ಲಿಸಿದರು, ಅರಿಸಿನ ಕುಂಕುಮ ಹಚ್ಚಿದರು, ತಂಬಿಟ್ಟು ಮಾಡಿ ಎಡೆ ಇಟ್ಟರು. ಸಾವುಕಾರರ ಪುಣ್ಯದಿಂದ ಬಂದ ತಾಯಿ ಎಂದು ವರ್ತಕನ ಹೆಸರು ಹೇಳಿ ಕೈಮುಗಿದರು.

ಮಡಿವಾಳನ ಹೆಂಡತಿ ತಂಬಿಟ್ಟು ಹಿಡಿದುಕೊಂಡು ವರ್ತಕನ ಮನೆಗೆ ಹೋದಳು. ನಿಮ್ಮ ಏರಿಯ ಬುಡದಲ್ಲಿ ತಾಯಿ ಒಡೆದಿದ್ದಾಳೆ, ಬಂದು ನೋಡಬೇಕು ಎಂದು ಕರೆದಳು. ವರ್ತಕನಿಗೆ ಸಂತೋಷವಾಯಿತು. ಪೆಟ್ಟಿಗೆ ತೆಗೆಸಿ ಒಂದು ಹಸಿರು ಸೀರೆ, ಬಳೆ, ಅರಿಸಿನ ಕುಂಕುಮ ಕೊಡಿಸಿದ. ನಾಳೆ ಬರುತ್ತೇನೆ ಎಂದ. ಮರುದಿನ ಯಾರೋ ಬಂದರು. ಅದರ ಮರುದಿನ ಬಿಸಿಲು ಹೆಚ್ಚಿತ್ತು. ಏರಿಯ ಹಿಂದೆ ಇಳಿಯುವ ಕಡೆ ಮುಳ್ಳು ಬೆಳೆದಿತ್ತು. ಮನೆಯಿಂದ ಅಲ್ಲಿಗೆ ದೂರವೇನಿಲ್ಲ, ಒಂದು ಎಲೆಯಡಿಕೆ ಜಗಿದು ಮುಗಿಯುವಷ್ಟರಲ್ಲಿ ಹೋಗಿ ಬರಬಹುದಾಗಿತ್ತು. ಅವನು ಹೋಗಲಿಲ್ಲ.

ಮಡಿವಾಳರು ಅವನ ಸೀರೆಯನ್ನು ಕಲ್ಲುಗಳಿಗೆ ಉಡಿಸಿದರು. ಆಮೇಲೆ ಒಂದೊಂದಾಗಿ ಗುಡಿಸಲುಗಳನ್ನು ದಿಬ್ಬದಿಂದ ಬಿಚ್ಚಿಕೊಂಡು ತಗ್ಗಿಗೆ ಇಳಿದರು. ನೀರು ಕಾಲ ಬುಡದಲ್ಲಿರುವಾಗ ದಿಬ್ಬ ಯಾಕೆ? ಬಟ್ಟೆಯ ಗಂಟು ಹೊತ್ತು ಏರುವುದು ತಪ್ಪಿತು, ಇಳಿಯುವುದು ತಪ್ಪಿತು. ಹೆಂಗಸರ ಸೊಂಟನೋವು ಕಡಿಮೆಯಾಯಿತು. ಬದುಕಿನಲ್ಲಿ ಮೊದಲ ಸಲ ಅವರಿಗೆ ಸುಖವೆನ್ನುವುದು ಸಿಕ್ಕಿತು.

ಮರುವರ್ಷ ಮಾಚವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿಗೆ ನೀರು ಹೊರುವ ಕಷ್ಟ ಬೇಡವೆಂದು ಅಪ್ಪ ಬುಗ್ಗೆಯ ಹತ್ತಿರದಲ್ಲೇ ಅವಳಿಗೊಂದು ಗುಡಿಸಲು ಹಾಕಿದ. ಎಲ್ಲ ಗುಡಿಸಲುಗಳಿಗಿಂತ ಏರಿಗೆ ಹತ್ತಿರವಾದದ್ದು ಅದು. ಸೋರಬಾರದೆಂದು ಎರಡು ಪದರ ಹುಲ್ಲು ಹೊದಿಸಿದ. ಅಲ್ಲಿ ಮಾಚವ್ವ ಹೆಣ್ಣು ಮಗು ಹೆತ್ತಳು.

ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ಗುಡ್ಡದಲ್ಲಿ ಜಡಿಮಳೆ ಹಿಡಿಯಿತು. ಕೆರೆ ಏರಿಯ ತುಟಿಯವರೆಗೆ ತುಂಬಿತು. ಒಂದು ಬೆಳಿಗ್ಗೆ ನೋಡಿದರೆ ಬುಗ್ಗೆಯ ನೀರು ಕೆಂಪಾಗಿತ್ತು.

ನದಿಗೆ ಹೊಸ ನೀರು ಬಂದು ಕೆಂಪಾದಾಗ ನಮ್ಮ ಹಿರಿಯರು ಏನನ್ನುತ್ತಿದ್ದರು ಎಂದು ನಿನಗೆ ಗೊತ್ತು. ತಾಯಿ ಹೊರಗಾಗಿದ್ದಾಳೆ ಎನ್ನುತ್ತಿದ್ದರು. ಮೂರು ದಿನ ಆ ನೀರು ಮುಟ್ಟಬಾರದು, ಅದರಲ್ಲಿ ಬಟ್ಟೆ ಅದ್ದಬಾರದು, ಹತ್ತಿರ ಹೋಗಿ ಇಣುಕಬಾರದು. ತಾಯಿಗೆ ಮರ್ಯಾದೆ ಕೊಡುವ ಪದ್ಧತಿ. ಮಡಿವಾಳರು ತಮ್ಮ ಗಂಗಮ್ಮನಿಗೂ ಅದೇ ಮರ್ಯಾದೆ ಕೊಟ್ಟರು. ಬುಗ್ಗೆಯ ಸುತ್ತ ಬೇವಿನ ಸೊಪ್ಪು ನೆಟ್ಟು, ಗುಡಿಸಲುಗಳ ಒಳಗೆ ಹೋಗಿ ಕುಳಿತರು. ಬೇರೆ ದಿನವಾಗಿದ್ದರೆ ನಸುಕಿನಿಂದ ಅವರ ಕೈ ಆ ನೀರಿನಲ್ಲೇ ಇರುತ್ತಿತ್ತು. ನೀರಿನ ಬಾಯಿ ಅಗಲವಾದರೆ ಅವರಿಗೇ ಮೊದಲು ತಿಳಿಯುತ್ತಿತ್ತು. ಆ ಮೂರು ದಿನ ಮಾತ್ರ ಯಾರೂ ಅತ್ತ ನೋಡುವ ಹಾಗಿರಲಿಲ್ಲ.

ನೋಡಿದವಳು ಮಾಚವ್ವ ಒಬ್ಬಳೇ. ಕೂಸಿನ ಬಟ್ಟೆ ಒಂದೂ ಒಗೆದದ್ದು ಉಳಿದಿರಲಿಲ್ಲ. ಯಾರಿಗೂ ಹೇಳದೆ ಹೋಗಿ ಒಂದು ಬಟ್ಟೆಯನ್ನು ಬುಗ್ಗೆಯಲ್ಲಿ ಅದ್ದಿದಳು. ಮೇಲೆತ್ತಿದಾಗ ಬಟ್ಟೆಯ ಮಡಿಕೆಯಲ್ಲಿ ನುಣುಪಾದ ಕೆಂಪು ಮಣ್ಣು ನಿಂತಿತ್ತು. ಮಡಿವಾಳರ ಮಗಳಿಗೆ ಕಲೆ ಗುರುತಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಎಣ್ಣೆಯ ಕಲೆ, ಎಲೆಯಡಿಕೆಯ ಕಲೆ, ರಕ್ತದ ಕಲೆ, ಮಣ್ಣಿನ ಕಲೆ ಎಂದು ಬೇರೆ ಮಾಡುತ್ತಲೇ ಬೆಳೆಯುತ್ತಾರೆ. ಅವಳು ಬಟ್ಟೆಯನ್ನು ಅಪ್ಪನ ಹತ್ತಿರ ತಂದಳು.

“ಅಪ್ಪಾ, ಇದ ನೋಡು. ಇದು ಮುಟ್ಟಿನ ಕಲೆ ಅಲ್ಲ, ಮಣ್ಣು. ಏರಿ ಮಣ್ಣೇ ಕರಗಿ ಬತ್ತಾ ಐತೆ.”

“ಮುಚ್ಚು ಬಾಯಿ. ಪುರುಡಲ್ಲಿರೋಳು ತಾಯಿ ತಾವ ಯಾಕೆ ಹೋದೆ?”

“ಕೂಸಿಗೆ ಬಟ್ಟೆ ಇರ್ಲಿಲ್ಲ. ಅಪ್ಪಾ, ನಂಗೆ ಭಯ ಆಯ್ತದೆ. ಮಳೆ ನಿಲ್ಲೋಗಂಟ ದಿಬ್ಬಕ್ಕೆ ಹೋಗಾನ ಕಣಪ್ಪ.”

“ದಿಬ್ಬದ ಮ್ಯಾಲೆ ಸೂರೆಲ್ಲೈತವ್ವ? ಹಸಿ ಬಾಣಂತಿ ಮಳೇಲಿ ನೆಂದ್ರೆ ಸನ್ನಿ ಹಿಡೀತದೆ. ಒಳೀಕೆ ಹೋಗು, ಕೂಸು ಅಳ್ತಾ ಐತೆ.”

ಅವನು ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿದ. ಮಣ್ಣೇ ಎಂದು ಅವನ ಬೆರಳಿಗೆ ಗೊತ್ತಾಯಿತು. ಆದರೆ ತಾಯಿಯನ್ನು ಅನುಮಾನಿಸುವುದು ಹೇಗೆ? ಬೇಸಗೆಯಲ್ಲಿ ನೀರು ಕೊಟ್ಟವಳು. ಅನುಮಾನಿಸಿದರೆ ಬತ್ತಿಹೋದಾಳು ಎಂಬ ಭಯ. ಮಗಳು ಮಳೆಯಲ್ಲಿ ನೆನೆದಾಳು ಎಂಬ ಭಯ ಇನ್ನೊಂದು. ಪ್ರೀತಿಯಿಂದಲೇ ಅವನು ಅವಳನ್ನು ಒಳಗೆ ಕಳಿಸಿದ. ಆ ಬಟ್ಟೆಯನ್ನು ಯಾರಿಗೂ ಕಾಣದ ಹಾಗೆ ಹುಲ್ಲಿನ ಮೇಲ್ಛಾವಣಿಯಲ್ಲಿ ಸಿಕ್ಕಿಸಿದ.

ಆಮೇಲೆ ವರ್ತಕನ ಮನೆಗೆ ಹೊರಟ. ಅಲ್ಲಿ ನೆಂಟರು ತುಂಬಿದ್ದರು. ಮಳೆ ಒಂದು ಗಳಿಗೆ ಬಿಡುವು ಕೊಟ್ಟಿತ್ತು. ತುಂಬಿದ ಕೆರೆಯಲ್ಲಿ ಒಂದು ಸುತ್ತು ಹೋಗಿ ಬರೋಣವೆಂದು ದೋಣಿ ಸಿದ್ಧ ಮಾಡಿಸುತ್ತಿದ್ದರು. ಮಡಿವಾಳ ಅಂಗಳದಲ್ಲಿ ನಿಂತ.

“ಬುದ್ಧಿ, ತಾಯಿ ಹೊರಗಾಗವ್ಳೆ. ಏರಿ ಬುಡದ ನೀರು ಕೆಂಪಾಗೈತೆ. ಮೂರು ದಿನ ಮುಟ್ಟಂಗಿಲ್ಲ. ಬಟ್ಟೆ ತಡ ಆಯ್ತದೆ.”

“ಮನೆ ತುಂಬ ನೆಂಟರಿದ್ದಾರಲ್ಲಯ್ಯ.”

“ಏನ್ ಮಾಡಾನ ಬುದ್ಧಿ, ತಾಯಿ ವಿಷ್ಯ.”

“ಆಗಲಿ ಬಿಡು. ಮೂರು ದಿನ ಕಳೆದ ಮೇಲೆ ಮಾತ್ರ ತಪ್ಪಿಸಬೇಡ.”

ಕೇಳಿಸಿಕೊಂಡೆಯಾ? ಏರಿಯ ಬುಡದ ನೀರು ಕೆಂಪಾಗಿದೆ ಎಂಬ ಮಾತು ಅವನ ಅಂಗಳಕ್ಕೇ ಬಂದು, ಅವನ ಕಿವಿಗೇ ಬಿತ್ತು. ಅವನಿಗೆ ಕೇಳಿಸಿದ್ದು ಬಟ್ಟೆ ತಡವಾಗುತ್ತದೆ ಎಂಬುದು. ಇಲ್ಲ, ಅದೂ ಪೂರ್ತಿ ನಿಜವಲ್ಲ. ಮಡಿವಾಳ ಬೇಲಿ ದಾಟುವಷ್ಟರಲ್ಲಿ ವರ್ತಕನಿಗೆ ತಾತನ ನೆನಪಾಯಿತು. ಹೋಗಿ ನೋಡಬೇಕು ಅನ್ನಿಸಿತು. ಅಷ್ಟರಲ್ಲಿ ದೋಣಿಯಿಂದ ಕರೆದರು. ಅವರ ಪದ್ಧತಿಯ ದಿನಗಳಲ್ಲಿ ನಾನು ಹೋಗಿ ತುಳಿಯಬಾರದು, ಮೂರು ದಿನ ಕಳೆಯಲಿ ಎಂದು ತನಗೆ ತಾನೇ ಹೇಳಿಕೊಂಡ. ಆ ಪದ್ಧತಿಯ ಮೇಲೆ ಅವನಿಗೆ ಹಿಂದೆಂದೂ ಅಷ್ಟು ಗೌರವ ಇರಲಿಲ್ಲ.

ಹೋಗಿದ್ದರೆ ಏನಾಗುತ್ತಿತ್ತು ಎಂದು ನೀನು ಕೇಳಬಹುದು. ನೀರು ಬಿಡೋಣವೆಂದರೆ ತೂಬಿರಲಿಲ್ಲ. ನಿಜ. ಆದರೆ ಜನರನ್ನು ದಿಬ್ಬ ಹತ್ತಿಸುವುದಕ್ಕೆ ತೂಬು ಬೇಕಾಗಿರಲಿಲ್ಲ. ಅವನು ಏಳಿ ಎಂದಿದ್ದರೆ ಅವರು ಎದ್ದು ಹೋಗುತ್ತಿದ್ದರು. ಸಾವುಕಾರರ ಮಾತು ಅವರು ತೆಗೆದುಹಾಕುವವರಲ್ಲ. ಮಾಚವ್ವ ಹೇಳಿದ್ದನ್ನು ಯಾರೂ ಕೇಳಲಿಲ್ಲ, ಅವನು ಹೇಳಿದ್ದರೆ ಎಲ್ಲರೂ ಕೇಳುತ್ತಿದ್ದರು. ಈ ಒಂದು ಸಂಗತಿಯನ್ನು ನೆನೆದು ನೆನೆದು ನನಗೆ ನಿದ್ದೆ ಕೆಟ್ಟದ್ದುಂಟು.

ಆ ಮೂರು ದಿನ ಕಳೆಯಲಿಲ್ಲ. ಮಡಿವಾಳ ಬಾಣಂತಿಗೆ ಮೆಣಸು, ಬೆಲ್ಲ, ಬೆಳ್ಳುಳ್ಳಿ ತರಲು ಸಂತೆಗೆ ಹೋಗಿದ್ದ. ಕೆಲಸವಿಲ್ಲದ್ದರಿಂದ ಉಳಿದವರೆಲ್ಲ ಗುಡಿಸಲುಗಳಲ್ಲೇ ಇದ್ದರು. ನಡುಹಗಲಿನಲ್ಲಿ ಏರಿ ಬುಡದಿಂದ ಕುಸಿಯಿತು. ಮೇಲೆ ವರ್ತಕನ ಮನೆಯವರಿಗೆ ಒಂದು ದೊಡ್ಡ ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಕೆರೆ ಹರಿದು ಹೋಗುತ್ತಿತ್ತು. ಒಂದು ಊಟ ಮುಗಿಯುವಷ್ಟು ಹೊತ್ತು ನೀರು ಹರಿಯಿತು. ಆಮೇಲೆ ಕೆಸರಿನಲ್ಲಿ ಮೀನುಗಳು ಒದ್ದಾಡುವುದು ಕಂಡಿತು. ದೋಣಿ ಒಂದು ಕಡೆ ವಾಲಿ ನಿಂತಿತ್ತು. ಮೇಲಿನವರಲ್ಲಿ ಒಬ್ಬರ ಕೂದಲೂ ಕೊಂಕಿರಲಿಲ್ಲ.

ತಗ್ಗಿನಲ್ಲಿ ಗುಡಿಸಲುಗಳಿದ್ದವು ಎಂಬುದಕ್ಕೆ ಗುರುತೂ ಉಳಿದಿರಲಿಲ್ಲ. ಮರ ಹಿಡಿದುಕೊಂಡು ಉಳಿದವರು ಕೆಲವರು. ಮಡಿವಾಳ ಸಂತೆಯಿಂದ ಬಂದು ದಿಬ್ಬದ ಮೇಲೆ ನಿಂತ. ಗಂಟು ಕಂಕುಳಲ್ಲೇ ಇತ್ತು. ಅವನ ಹೆಂಡತಿ ಅಂದೇ ಸಿಕ್ಕಿದಳು. ಮಾಚವ್ವ ಮರುದಿನ, ಬಹಳ ಕೆಳಗೆ, ಹೊಂಗೆ ಮರದ ಬೇರಿನಲ್ಲಿ ಸಿಕ್ಕಿದಳು. ಕೂಸು ಸಿಕ್ಕಲೇ ಇಲ್ಲ.

ಆಗ ವರ್ತಕ ಏರಿಯ ಹಿಂದಕ್ಕೆ ಇಳಿದು ಬಂದ. ಕೆರೆ ಕಟ್ಟಿಸಿದ ಮೇಲೆ ಅವನು ಅಲ್ಲಿಗೆ ಇಳಿದದ್ದು ಅದೇ ಮೊದಲು. ಕೆಸರಿನಲ್ಲಿ ಬಿದ್ದ, ಎದ್ದ, ಮತ್ತೆ ಬಿದ್ದ. ಮಾಚವ್ವನನ್ನು ಮಣ್ಣು ಮಾಡುವ ಕಡೆಗೆ ಬಂದು ಜೋರಾಗಿ ಅತ್ತ. ಅವನ ಅಳು ಸುಳ್ಳಲ್ಲ. ಅಲ್ಲಿದ್ದವರೇ ಅವನನ್ನು ಹಿಡಿದುಕೊಳ್ಳಬೇಕಾಯಿತು. ಎಲ್ಲರೆದುರಿಗೆ ಅವನು ಮಡಿವಾಳನ ಕಾಲು ಹಿಡಿದು, ನನ್ನನ್ನು ಕ್ಷಮಿಸು ಎಂದ.

ಮಡಿವಾಳ ಹಿಂದಕ್ಕೆ ಸರಿದ.

“ಕಾಲು ಬಿಡಿ ಬುದ್ಧಿ, ನಂಗೆ ಪಾಪ ಸುತ್ಕೊಂತದೆ. ನಿಮ್ದೇನು ತಪ್ಪು? ನೀವು ನಮಗೆ ನೀರು ಕೊಟ್ಟೋರು.” ಅವನು ಮಗಳ ಕಡೆ ನೋಡಲಿಲ್ಲ, ನೆಲ ನೋಡುತ್ತ ಹೇಳಿದ. “ಮಾಡಿದ್ದು ನನ್ನ ಮಗಳು. ತಾಯಿ ಹೊರಗಾದಾಗ, ಪುರುಡಿನ ಮೈಯಲ್ಲಿ ಹೋಗಿ ಕೂಸಿನ ಬಟ್ಟೆ ಅದ್ದಿದ್ಲು. ಅದ್ರ ತುಂಬ ಕೆಂಪು ಮಣ್ಣು ಹತ್ತಿತ್ತು. ತಂದು ನಂಗೇ ತೋರ್ಸಿದ್ಲು. ಏನೇನೋ ಅಂದ್ಲು. ತಾಯಿ ಸುಮ್ನಿದ್ದಾಳಾ? ಇಷ್ಟು ಜನಾನ ತಿಂದ್ಲು ನನ್ನ ಮಗಳು.”

ವರ್ತಕ ನೆಲದ ಮೇಲೆ ಕುಳಿತಿದ್ದವನು ತಲೆಯೆತ್ತಿದ. ಆ ಹುಡುಗಿ ಏನು ಕಂಡಿದ್ದಳು, ಅಪ್ಪನಿಗೆ ಏನು ಹೇಳಿದ್ದಳು ಎಂಬುದು ಅವನಿಗೆ ಪೂರ್ತಿ ಅರ್ಥವಾಯಿತು. ಅಲ್ಲಿದ್ದವರಲ್ಲಿ ಅರ್ಥವಾದದ್ದು ಅವನೊಬ್ಬನಿಗೇ. ಅದು ತಾಯಿಯ ಮುನಿಸಲ್ಲ, ನನ್ನ ಏರಿಯ ಮಣ್ಣು, ನಿನ್ನ ಮಗಳು ಕಂಡದ್ದು ಸರಿಯಾಗಿಯೇ ಇತ್ತು. ಹೇಳಬೇಕಾದದ್ದು ಇಷ್ಟೇ ಮಾತು. ಅವನು ಬಾಯಿ ತೆರೆದ. ಸುತ್ತ ನಿಂತ ಜನ, ಹೌದು, ಆ ಹುಡುಗಿ ಹಾಗೆ ಮಾಡಬಾರದಿತ್ತು ಎಂದು ಗೊಣಗಿದರು. ಅವನು ಬಾಯಿ ಮುಚ್ಚಿದ.

ಮನೆಗೆ ಹೋಗಿ ಯೋಚಿಸಿದ. ನಿಜ ಹೇಳಿದರೆ ಆ ತಂದೆಯ ಗತಿಯೇನು? ಸರಿಯಾಗಿ ಹೇಳಿದ ಮಗಳ ಬಾಯಿ ಮುಚ್ಚಿಸಿ, ನಾನೇ ಅವಳನ್ನು ಸಾವಿನ ಮನೆಯೊಳಗೆ ಕಳಿಸಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅವನು ಉಳಿಯುತ್ತಾನೆಯೆ? ಹೇಳದೆ ಇರುವುದೇ ಅವನ ಮೇಲಿನ ದಯೆ. ಹೀಗೆಂದುಕೊಂಡು ಸುಮ್ಮನಾದ. ಆ ಯೋಚನೆಯಲ್ಲಿ ನಿಜವೂ ಇತ್ತು. ಪೂರ್ತಿ ಸುಳ್ಳಾಗಿದ್ದರೆ ಅವನು ಅದನ್ನು ಅಷ್ಟು ದಿನ ನಂಬಿಕೊಂಡು ಬದುಕಲು ಆಗುತ್ತಿರಲಿಲ್ಲ.

ವರ್ತಕ ಮತ್ತೆ ಕೆರೆ ಕಟ್ಟಲಿಲ್ಲ. ಉಳಿದವರಿಗೆ ದಿಬ್ಬದ ಮೇಲೆ ಗಟ್ಟಿ ಮನೆ ಕಟ್ಟಿಸಿಕೊಟ್ಟ. ಗಂಗಮ್ಮನಿಗೆ ಗುಡಿ ಕಟ್ಟಿಸಿದ, ಅದರ ಪೂಜೆಯನ್ನು ಮಡಿವಾಳನೇ ನೋಡಿಕೊಂಡ. ಇಂಥ ಧರ್ಮಾತ್ಮ ಇಲ್ಲ ಎಂದು ಸುತ್ತಲ ಹಳ್ಳಿಯವರು ಹೇಳಿದರು. ಮಡಿವಾಳ ವರ್ಷವರ್ಷವೂ ಆ ಗುಡಿಯಲ್ಲಿ ಮಗಳ ಹೆಸರು ಹೇಳಿ ತಪ್ಪುಕಾಣಿಕೆ ಸಲ್ಲಿಸುತ್ತಿದ್ದ. ಆ ಒಂದು ದಿನ ಬಿಟ್ಟರೆ ಅವಳ ಹೆಸರು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಪಿತೃಪಕ್ಷದಲ್ಲಿ ಹೆಂಡತಿಗೆ ಎಡೆ ಇಟ್ಟ, ಕಣ್ಣು ಬಿಟ್ಟು ಹೆಚ್ಚು ದಿನವಾಗದ ಕೂಸಿಗೂ ಒಂದು ಹನಿ ಹಾಲು ಇಟ್ಟ. ಮಾಚವ್ವನಿಗೆ ಇಡಲಿಲ್ಲ. ಅಳಿಯ ಒಮ್ಮೆ ಬಂದ, ಊರವರು ಹೇಳಿದ್ದನ್ನು ಕೇಳಿದ, ಮಾವನ ಮನೆಯಲ್ಲಿ ನೀರು ಕುಡಿಯದೆ ಹೋದ. ಊರಿನ ತಾಯಂದಿರು ತಮ್ಮ ಹೆಣ್ಣುಮಕ್ಕಳನ್ನು ಗದರಿಸುವಾಗ, ಮಾಚವ್ವನ ಹಾಗೆ ಮಾಡಬೇಡ ಎನ್ನುವುದು ರೂಢಿಯಾಯಿತು.

ವರ್ತಕ ಪ್ರತಿ ವರ್ಷ ಗುಡಿಗೆ ಬರುತ್ತ, ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದ. ಈ ವರ್ಷ ಹೇಳಬೇಕು ಎಂದುಕೊಂಡೇ ಬರುತ್ತಿದ್ದ. ಮಡಿವಾಳ ಅವನನ್ನು ಕಂಡರೆ ಎದ್ದು ನಿಂತು, ತನ್ನ ಹೆಗಲ ಬಟ್ಟೆ ಹಾಸಿ ಕೂರಿಸುತ್ತಿದ್ದ. ಮಡಿವಾಳನಿಗೆ ವಯಸ್ಸಾಯಿತು. ಒಂದು ವರ್ಷ ವರ್ತಕ ಬಂದಾಗ ಗುಡಿಯಲ್ಲಿ ಬೇರೆ ಯಾರೋ ಪೂಜೆ ಮಾಡುತ್ತಿದ್ದರು. ಮುದುಕ ಹೋಗಿ ಎರಡು ತಿಂಗಳಾಯಿತು ಎಂದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕರುಣೆಯುಳ್ಳವನು, ವರ್ತಕನ ಮೇಲೂ ಅವನಿಗೆ ಕನಿಕರ ಬಂದಿತ್ತು.

“ಗುರುಗಳೇ, ವರ್ತಕ ನೋಡಬೇಕಾಗಿತ್ತು, ನೋಡಲಿಲ್ಲ. ಒಪ್ಪುತ್ತೇನೆ. ಆದರೆ ಆಮೇಲೆ ನಿಜ ಹೇಳಿ ಆ ಮುದುಕನನ್ನು ಇನ್ನೊಮ್ಮೆ ಕೊಂದು ಬರುವ ಫಲವಾದರೂ ಏನು? ಅದೂ ಅಲ್ಲದೆ, ಆ ಮಡಿವಾಳನೇ ಬಾಯಿಬಿಟ್ಟು ಅವನನ್ನು ಕ್ಷಮಿಸಿದ್ದನಲ್ಲ?”

“ಹೌದು, ವರ್ತಕನನ್ನು ಅವನು ಅಂದೇ ಕ್ಷಮಿಸಿದ, ಮಗಳನ್ನು ಸಾಯುವತನಕ ಕ್ಷಮಿಸಲಿಲ್ಲ” ಎಂದರು ಗುರುಗಳು.